ಬೆರಳು ಹಾಳೆಯ ಮೇಲಿರಲಿ

ನಿಮ್ಮ ಚಿತ್ರದ ಮೇಲೊಮ್ಮೆ ಕಣ್ಣು ಹಾಯಿಸಿ ‘ಲಾಯ್ಕಿತ್ತ್ ಮಾರಾಯ’ ಎಂದು ದಾಟಿ ಹೋಗುವವರನ್ನು ಮೆಲ್ಲಗೆ ತಡೆದು ನಿಲ್ಲಿಸಿ, ಮಕ್ಕಳೇ. ಎಲ್ಲಿ ಲಾಯ್ಕಿತ್ತ್ ಎಂದು ಕೇಳಿ. ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಅವರು ಸುಳ್ಳು ಹೇಳಿದ್ದಲ್ಲ. ನಿಮ್ಮ ಮುಖದಲ್ಲಿದ್ದ ಆಸೆ ಬಾಡದಿರಲಿ ಎಂದು ಒಂದು ಮಾತು ಹೇಳಿದರು. ಹಾಳೆ ನೋಡಲು ಪುರುಸೊತ್ತಿರಲಿಲ್ಲ. ‘ಎಂತ ಗೀಚಿದ್ದೆ ಇದ್’ ಎನ್ನುವವರ ಕತೆಯೂ ಅದೇ. ಹೊಗಳಿದವರೂ ತೆಗಳಿದವರೂ ನೋಡಿದ್ದು ನಿಮ್ಮನ್ನು. ಚಿತ್ರವನ್ನು ಯಾರೂ ನೋಡಲೇ ಇಲ್ಲ.

ಈ ಕುಂದಾಪುರ ಕಡೆಯ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಷ್ಟ್ರಾಗಿದ್ದು, ಲೋವರ್ ಗ್ರೇಡು ಹೈಯರ್ ಗ್ರೇಡು ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸಿ, ಪ್ರತಿಭಾ ಕಾರಂಜಿಯ ದಿನ ಹಾಳೆ ಹಂಚಿ, ಈಗ ಭಾನುವಾರಗಳಲ್ಲಿ ಚಾವಡಿಯ ಮೇಲೆ ನಿಮ್ಮೊಟ್ಟಿಗೆ ಕೂರುವ ನನಗೆ ಹೇಳಲಿಕ್ಕಿರುವುದು ಒಂದೇ. ಚಿತ್ರದ ಬಗ್ಗೆ ಮಾತಾಡುವಾಗ ಬೆರಳು ಹಾಳೆಯ ಮೇಲಿರಲಿ. ಬೆರಳಿಡಲು ಜಾಗ ಸಿಗದ ಮಾತನ್ನು ಆಡಬೇಡಿ. ಬೇರೆಯವರು ಆಡಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

‘ಸಂಯೋಜನೆ ಸರಿಯಿಲ್ಲ’ ಎಂದರೆ ಬರೆದ ಹುಡುಗಿ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ‘ಎಡಗಡೆಯ ತೆಂಗಿನಮರ ಹಾಳೆಯ ಅಂಚಿಗೆ ಅಂಟಿಕೊಂಡಿದೆ, ನನ್ನ ಕಣ್ಣು ಅದರ ಗುಂಟ ಹೊರಗೆ ಜಾರಿಹೋಯಿತು’ ಎನ್ನಿ. ಮರವನ್ನು ಎರಡು ಬೆರಳು ಒಳಗೆ ತರುವುದೋ, ಕೊಯ್ದು ಬಿಡುವುದೋ, ಅಲ್ಲೇ ಇಟ್ಟು ಎದುರಿಗೊಂದು ದೋಣಿ ಬರೆಯುವುದೋ ಅವಳು ಯೋಚಿಸುತ್ತಾಳೆ. ಹೊಗಳುವಾಗಲೂ ಹಾಗೆಯೇ. ‘ಅಂಗಳದ ನೆರಳಿಗೆ ಕಪ್ಪು ಹಾಕದೆ ನೇರಳೆ ಹಾಕಿದ್ದೀಯಲ್ಲ, ಅದರಿಂದ ಬಿಸಿಲು ಬಂದಿದೆ’ ಎಂದು ಒಬ್ಬರು ಹೇಳಿದರೆ ಆ ಹುಡುಗಿ ಆ ನೆರಳನ್ನು ಜನ್ಮದಲ್ಲಿ ಮರೆಯುವುದಿಲ್ಲ. ಒಳ್ಳೆಯದನ್ನು ಎತ್ತಿ ತೋರಿಸುವುದು ಬರೀ ದಾಕ್ಷಿಣ್ಯ ಎಂದುಕೊಳ್ಳಬೇಡಿ. ತನ್ನ ಕೈಯಿಂದ ಆದ ಒಳ್ಳೆಯ ಕೆಲಸ ಯಾವುದು ಎಂದು ಎಷ್ಟೋ ಸಲ ಬರೆದವರಿಗೇ ಗೊತ್ತಿರುವುದಿಲ್ಲ.

ಇದನ್ನು ಕಲಿಯಲು ಬೆಂಗಳೂರಿಗೆ ಹೋಗಬೇಕೆಂದಿಲ್ಲ. ಮಂದಾರ್ತಿ ಮೇಳದ್ದೋ ಮಾರಣಕಟ್ಟೆ ಮೇಳದ್ದೋ ಯಕ್ಷಗಾನದ ಆಟ ಇದ್ದ ರಾತ್ರಿ ಸ್ವಲ್ಪ ಬೇಗ ಹೋಗಿ, ಕೇಳಿಕೊಂಡು, ಚೌಕಿಯ ಒಂದು ಬದಿಯಲ್ಲಿ ಸುಮ್ಮನೆ ಕೂತು ಕಾಣಿ. ವೇಷಧಾರಿಗಳು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಎದುರಿಗೆ ಕನ್ನಡಿ, ಪಕ್ಕದಲ್ಲಿ ಬಣ್ಣ. ಹಿಂದಿನವರಿಗೆ ಸಫೇತ, ಅರದಾಳ, ಇಂಗಳೀಕ, ಕಾಡಿಗೆ, ಇಷ್ಟೇ ಇದ್ದದ್ದು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ನಾಮ ಬರೆದುಕೊಳ್ಳುವಾಗ ಪಕ್ಕದ ಹಿರಿಯರು ಹೇಳುತ್ತಾರೆ: ‘ಎಡ ಹುಬ್ಬ್ ಏರ್ತ್ ಕಾಣ್.’ ಅಷ್ಟೇ. ನಿನಗೆ ಬಣ್ಣಗಾರಿಕೆ ಬರುವುದಿಲ್ಲ ಎನ್ನುವುದಿಲ್ಲ, ತಮ್ಮ ಕಾಲದ ದೊಡ್ಡ ವೇಷಧಾರಿಗಳ ಕತೆ ತೆಗೆಯುವುದಿಲ್ಲ, ಹುಡುಗನ ಕೈಯಿಂದ ಕಡ್ಡಿ ಕಿತ್ತುಕೊಳ್ಳುವುದೂ ಇಲ್ಲ. ಹುಡುಗ ಕನ್ನಡಿ ನೋಡುತ್ತಾನೆ, ಒರೆಸುತ್ತಾನೆ, ಮತ್ತೆ ಬರೆಯುತ್ತಾನೆ. ರಂಗಸ್ಥಳಕ್ಕೆ ಹೋಗಲು ಇನ್ನೂ ಹೊತ್ತಿದೆ. ಅದಕ್ಕೇ ಆ ಮಾತಿಗೆ ಬೆಲೆ. ಬೆಳಿಗ್ಗೆ ಬಣ್ಣ ತೆಗೆಯುವಾಗ ಹೇಳಿದ್ದರೆ ಏನು ಪ್ರಯೋಜನ?

ಚೌಕಿಯಲ್ಲಿ ಇನ್ನೊಂದು ಸಂಗತಿ ಇದೆ. ಬಣ್ಣದ ವೇಷದ ಮುಖವನ್ನು ಎರಡು ಅಡಿ ದೂರದಿಂದ ಕಂಡರೆ ಒರಟು. ಅಕ್ಕಿಹಿಟ್ಟು, ಸುಣ್ಣ ಕಲಸಿ ಇಟ್ಟ ಚುಟ್ಟಿ ಎಲ್ಲ ಉಬ್ಬು ತಗ್ಗು. ಕೆಂಪಿನ ಪಕ್ಕದಲ್ಲಿ ಕಪ್ಪು ನೇರವಾಗಿ ಬಂದು ನಿಂತಿರುತ್ತದೆ. ಇಷ್ಟು ಗಾಢ ಯಾಕೆ, ಮೃದು ಮಾಡಬಾರದೇ ಎಂದು ಅಲ್ಲಿ ನಿಂತು ಹೇಳುವವನಿಗೆ ಆಟ ಗೊತ್ತಿಲ್ಲ ಎಂದೇ ಅರ್ಥ. ಆ ಮುಖ ಬರೆದದ್ದು ಗದ್ದೆಯ ಆಚೆ ಬದಿಯಲ್ಲಿ ಚಾಪೆ ಹಾಸಿ ಕೂತ ಅಜ್ಜನಿಗಾಗಿ. ಉಪ್ಪಿನಕುದ್ರಿನ ಯಕ್ಷಗಾನ ಗೊಂಬೆಗಳ ಕಣ್ಣು ಹುಬ್ಬು ಅಷ್ಟು ಎದ್ದು ಕಾಣುವುದೂ ಇದೇ ಕಾರಣಕ್ಕೆ. ಹಾಗಾಗಿ ನಿಮ್ಮ ಎದುರಿಗಿರುವ ಚಿತ್ರ ಎಲ್ಲಿ, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ಕಾಣಲಿಕ್ಕೆಂದು ಬರೆದದ್ದು ಎಂದು ಮೊದಲು ತಿಳಿದುಕೊಳ್ಳಿ. ಶಾಲೆಯ ಗೋಡೆಗೆ ಬರೆದ ಚಿತ್ರವನ್ನು ಮೂಗು ತಾಗಿಸಿ ನೋಡಿ ಗೆರೆ ನಡುಗಿದೆ ಎನ್ನಬೇಡಿ. ಫೋನಿನಲ್ಲಿ ಬಂದ ಫೋಟೋ ನೋಡಿ ಬಣ್ಣದ ಬಗ್ಗೆಯಂತೂ ತುಟಿ ಬಿಚ್ಚಲೇಬೇಡಿ. ಆ ನೀಲಿ ಬರೆದವನು ಹಚ್ಚಿದ ನೀಲಿಯಲ್ಲ.

ಹೊತ್ತಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಚಿತ್ರಗಳಿವೆ. ಹಾವಂಜೆಯ ಕಲಾವಿದ ಜನಾರ್ದನ ಹಾವಂಜೆಯವರು ಅದರ ಅಧ್ಯಯನಕ್ಕೆ, ಉಳಿವಿಗೆ ವರ್ಷಗಳನ್ನೇ ಕೊಟ್ಟಿದ್ದಾರೆ. ಸುಣ್ಣದ ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಕಾವಿಯ ತೆಳು ಪದರ. ಅದು ಹಸಿ ಇರುವಾಗಲೇ ಕೆರೆದು ಕೆಳಗಿನ ಬಿಳಿಯನ್ನು ತೋರಿಸಬೇಕು. ಒಣಗಿದ ಮೇಲೆ ಗೆರೆ ಹಾಗೆಯೇ ನಿಂತಿತು. ಜಲವರ್ಣವೂ ಹೆಚ್ಚುಕಡಿಮೆ ಹೀಗೆಯೇ. ಹಾಳೆಯ ಬಿಳಿಯನ್ನು ಎಲ್ಲಿ ಬಿಡಬೇಕು ಎಂಬುದು ಮೊದಲೇ ತೀರ್ಮಾನವಾಗಬೇಕು. ಮುಚ್ಚಿಹೋದ ಬಿಳಿಯನ್ನು ಮತ್ತೆ ತರುವುದು ಕಷ್ಟ. ಆದ್ದರಿಂದ ಗೆಳೆಯನ ಚಿತ್ರ ಪೆನ್ಸಿಲಿನಲ್ಲಿರುವಾಗ ಮನಸ್ಸು ಬಿಚ್ಚಿ ಹೇಳಿ. ಬಣ್ಣ ಹತ್ತಿದ ಮೇಲೆ ತಿದ್ದಲು ಸಾಧ್ಯವಿರುವುದನ್ನಷ್ಟೇ ಹೇಳಿ. ಚೌಕಟ್ಟು ಹಾಕಿ ಗೋಡೆಗೇರಿಸಿದ ದಿನ, ನಾಲ್ಕು ಜನ ನೆಂಟರು ಬಂದು ಕಾಫಿ ಕುಡಿಯುತ್ತಿರುವಾಗ, ‘ಆಕಾಶ ಸ್ವಲ್ಪ ಭಾರವಾಯಿತು’ ಎನ್ನುವುದು ವಿಮರ್ಶೆಯಲ್ಲ. ಅದನ್ನು ಮುಂದಿನ ಚಿತ್ರ ಶುರುವಾಗುವಾಗ ನೆನಪಿಸಿದರಾಯಿತು.

ಈಗ ಕಡಲಿನ ಮಾತು. ಒಂದು ಚಿತ್ರಕಲಾ ಸ್ಪರ್ಧೆಗೆ ಮರವಂತೆ ಕಡೆಯ ಹುಡುಗನೊಬ್ಬ ಕಡಲು ಬರೆದಿದ್ದ. ನೀರೆಲ್ಲ ಕಂದು, ಅಂಚಿನಲ್ಲಿ ಕೊಳೆ ಹತ್ತಿದ ಹತ್ತಿಯಂಥ ನೊರೆ. ತೀರ್ಪುಗಾರರು ಹಾಳೆಯ ಹಿಂದೆ ಬರೆದರು: ಸಮುದ್ರದ ಬಣ್ಣ ನೀಲಿ ಇರಬೇಕಿತ್ತು. ಹುಡುಗ ನನಗೆ ತೋರಿಸಿ ಅತ್ತ. ಅವನು ಕಂಡ ಕಡಲು ಅದೇ. ಜೂನ್ ಜುಲೈಯಲ್ಲಿ ಹೆದ್ದಾರಿಯ ಮೇಲೆ ನಿಂತು ಕಾಣಿ. ಒಂದು ಬದಿಯಲ್ಲಿ ಸೌಪರ್ಣಿಕೆ ಕೆಂಪಾಗಿ ತುಂಬಿ ಹರಿಯುತ್ತದೆ, ಆ ನೀರೆಲ್ಲ ಗಂಗೊಳ್ಳಿ ಅಳಿವೆಯಿಂದ ಹೊರಗೆ ಬೀಳುತ್ತದೆ, ಇನ್ನೊಂದು ಬದಿಯ ಕಡಲಿಗೆ ನೀಲಿ ಎಲ್ಲಿಂದ ಬರಬೇಕು? ತೀರ್ಪುಗಾರರು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ‘ಇದ್ ಯಾವ ತಿಂಗ್ಳ ಕಡ್ಲ್ ಮಗಾ?’ ತೀರ್ಪಿಗೆ ಮೊದಲು ಕೇಳಿ. ನಿಮಗೆ ತಪ್ಪು ಎಂದು ಕಂಡದ್ದು ನೀವು ಕಾಣದ ಒಂದು ಸತ್ಯವಾಗಿರಬಹುದು.

ಅದೇ ಮಳೆಗಾಲದ ಕಡಲಿನ ಮೇಲೆ ಇನ್ನೊಬ್ಬಳು ದೊಡ್ಡ ಮೀನುಗಾರಿಕೆ ಬೋಟು ಬರೆದಿದ್ದಳು. ಗಂಗೊಳ್ಳಿ ಬಂದರಿನ ಹಿರಿಯರೊಬ್ಬರು ಕಂಡು ನಕ್ಕರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲವಲ್ಲ, 61 ದಿನ ನಿಷೇಧ. ಆಗ ಕಡಲಲ್ಲಿ ಕಾಣುವುದು ನಾಡದೋಣಿ. ಮತ್ತೊಂದು ಚಿತ್ರಕ್ಕೆ ಅವರು ಹೇಳಿದ್ದು, ‘ಹ್ವಾಯ್, ಈ ದೋಣಿ ನೀರಿಗಿಳ್ದ್ರೆ ಮಗ್ಚತ್ತ್.’ ಅವರ ಬೆರಳು ನೇರ ದೋಣಿಯ ಮೂತಿಯ ಮೇಲಿತ್ತು. ಅವರು ಜನ್ಮದಲ್ಲಿ ಕುಂಚ ಹಿಡಿದವರಲ್ಲ. ಆದರೆ ದೋಣಿಯ ಮಟ್ಟಿಗೆ ಅವರ ಮಾತಿಗೆ ಯಾವ ಕಲಾಶಾಲೆಯ ಪ್ರೊಫೆಸರೂ ಎದುರಾಡುವ ಹಾಗಿಲ್ಲ. ಬೆಳಗಿನ ಸೂರ್ಯನನ್ನು ಕಡಲಿನಿಂದ ಎಬ್ಬಿಸುವ ಮಕ್ಕಳೂ ಇದ್ದಾರೆ, ಕ್ಯಾಲೆಂಡರ್ ನೋಡಿ ಬರೆಯುವವರು. ನಮ್ಮಲ್ಲಿ ಅವನು ಹುಟ್ಟುವುದು ಕೊಡಚಾದ್ರಿಯ ಕಡೆ ಎಂದು ಹಾಲು ತರುವ ಅಕ್ಕನೂ ಹೇಳಬಲ್ಲಳು.

ಆದರೆ ಇಂಥವರ ಮಾತಿಗೂ ಒಂದು ಗಡಿ ಇದೆ. ಹಳೆಯ ಗ್ರೀಸಿನ ಅಪೆಲೀಸ್ ಎಂಬ ಚಿತ್ರಕಾರನ ಕತೆಯನ್ನು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಅಪೆಲೀಸ್ ಚಿತ್ರವನ್ನು ಹೊರಗಿಟ್ಟು ತಾನು ಮರೆಯಲ್ಲಿ ನಿಂತು ಜನರ ಮಾತು ಕೇಳುತ್ತಿದ್ದನಂತೆ. ಒಬ್ಬ ಚಪ್ಪಲಿ ಹೊಲಿಯುವವನು ಬಂದು ಚಪ್ಪಲಿಯ ಬಾರಿನಲ್ಲಿ ತಪ್ಪಿದೆ ಎಂದ. ಅಪೆಲೀಸ್ ತಿದ್ದಿದ. ಮರುದಿನ ಆ ಚಪ್ಪಲಿಯವನು ಹುರುಪಿನಿಂದ ಕಾಲಿನ ಬಗ್ಗೆಯೂ ಹೇಳಲು ಹೊರಟಾಗ ಚಿತ್ರಕಾರ ಮರೆಯಿಂದ ಹೊರಗೆ ಬಂದು ತಡೆದ. ನನಗೆ ಈ ಕತೆಯ ಎರಡನೆಯ ಅರ್ಧಕ್ಕಿಂತ ಮೊದಲ ಅರ್ಧ ಇಷ್ಟ; ಅಷ್ಟು ದೊಡ್ಡ ಚಿತ್ರಕಾರ ಮರೆಯಲ್ಲಿ ನಿಂತು ಕೇಳಿದನಲ್ಲ, ಕೇಳಿ ತಿದ್ದಿದನಲ್ಲ. ನೀವು ಮಾಡಬೇಕಾದದ್ದಿಷ್ಟು: ಬಂದರಿನ ಅಜ್ಜನಿಂದ ದೋಣಿ ತೆಗೆದುಕೊಳ್ಳಿ, ಬಣ್ಣ ಬಲ್ಲವರಿಂದ ಬಣ್ಣ ತೆಗೆದುಕೊಳ್ಳಿ. ಎಲ್ಲರಿಂದ ಎಲ್ಲವನ್ನೂ ತೆಗೆದುಕೊಳ್ಳಲು ಹೋದರೆ ಹಾಳೆ ಹರಿದೀತು.

ಮಾತಿನ ಹದದ ವಿಷಯಕ್ಕೆ ನನಗೆ ಮತ್ತೆ ಮತ್ತೆ ನೆನಪಾಗುವುದು 1885ರ ಒಂದು ಜಗಳ. ವಿನ್ಸೆಂಟ್ ವಾನ್ ಗೋಗ್ ‘ಆಲೂಗಡ್ಡೆ ತಿನ್ನುವವರು’ ಎಂಬ ಚಿತ್ರದ ಕಲ್ಲಚ್ಚಿನ ಪ್ರತಿಯನ್ನು ಗೆಳೆಯ ಆಂಟನ್ ವಾನ್ ರಾಪಾರ್ಡನಿಗೆ ಕಳುಹಿಸಿದ. ರಾಪಾರ್ಡ್ ಕೂಡ ಚಿತ್ರಕಾರ, ಐದು ವರ್ಷದ ಸ್ನೇಹ. ಅವನ ಉತ್ತರದ ಒಂದು ಭಾಗ ಸರಿಯಾಗಿ ಹಾಳೆಯ ಮೇಲೆಯೇ ಇತ್ತು: ಹಿಂದಿನ ಹೆಂಗಸಿನ ಕೈ ಹಾಗೇಕೆ, ಕೆಟಲ್ ಎಲ್ಲಿ ನಿಂತಿದೆ, ಬಲಗಡೆಯ ಗಂಡಸಿಗೆ ಮಂಡಿ ಹೊಟ್ಟೆ ಇರಬಾರದೇ ಎಂಬಂಥ ಪ್ರಶ್ನೆಗಳು. ಅವು ಪೂರ್ತಿ ಅನ್ಯಾಯವಲ್ಲ. ಆ ಕಲ್ಲಚ್ಚಿನಲ್ಲಿ ತಪ್ಪುಗಳಿವೆ ಎಂದು ವಿನ್ಸೆಂಟನಿಗೂ ಗೊತ್ತಿತ್ತು. ಆದರೆ ರಾಪಾರ್ಡ್ ಅಲ್ಲಿಗೆ ನಿಲ್ಲಲಿಲ್ಲ. ಇಂಥ ಕೆಲಸ ಮಾಡಿ ಮಿಲ್ಲೆಯಂಥ ದೊಡ್ಡ ಚಿತ್ರಕಾರರ ಹೆಸರೆತ್ತುವ ಧೈರ್ಯ ನಿನಗೆ ಹೇಗೆ ಬಂತು ಎಂಬ ಧಾಟಿಗೆ ಹೋದ. ಬೆರಳು ಹಾಳೆಯಿಂದ ಎದ್ದು ಮನುಷ್ಯನ ಎದೆಗೆ ಹೋಯಿತು. ವಿನ್ಸೆಂಟ್ ಕಾಗದವನ್ನು ಹಾಗೆಯೇ ವಾಪಸು ಕಳುಹಿಸಿದ. ಮುಂದೆ ಕೆಲವು ಪತ್ರಗಳು ಓಡಾಡಿದರೂ ಆ ಸ್ನೇಹ ಮೊದಲಿನ ಹಾಗೆ ಕೂಡಲಿಲ್ಲ. ಕೈ, ಕೆಟಲ್, ಮಂಡಿಯ ಪ್ರಶ್ನೆಗಳು ಆ ಒಂದು ಸಾಲಿನ ಕೆಳಗೆ ಹೂತುಹೋದವು.

ನಿಷ್ಠುರವಾಗಿರಬಾರದೇ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕೋಟದ ಕಾರಂತರ ಊರಿನವರು ನೀವು, ಕೇಳದೆ ಇರುತ್ತೀರಾ! ಶಿವರಾಮ ಕಾರಂತರು ಮುಲಾಜು ನೋಡದೆ ಮಾತಾಡಿದವರು, ಯಕ್ಷಗಾನದ ವೇಷಭೂಷಣ ಬಣ್ಣಗಳ ಬಗ್ಗೆಯೂ ಆಡಿದವರು. ಆದರೆ ಆ ಮಾತಿನ ಹಿಂದೆ ಎಷ್ಟು ತಿರುಗಾಟವಿತ್ತು ಎಂದು ನೆನಪಿರಲಿ. ಊರೂರು ಸುತ್ತಿ, ಹಳೆಯ ಕಲಾವಿದರನ್ನು ಕಂಡು, ಪ್ರಸಂಗಗಳನ್ನು ಹುಡುಕಿ ‘ಯಕ್ಷಗಾನ ಬಯಲಾಟ’ ಬರೆದರು. 1959ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಭಾರತೀಯ ಚಿತ್ರಕಲೆ’ ಎಂಬ ಪುಸ್ತಕವೂ ಅವರದ್ದೇ. ನೋಡುವುದರಲ್ಲಿ ಅವರು ಸವೆಸಿದ ಚಪ್ಪಲಿಯ ಲೆಕ್ಕ ಬಿಟ್ಟು ಅವರ ಗಡಸು ದನಿಯೊಂದನ್ನೇ ಎತ್ತಿಕೊಂಡರೆ ಅದು ಅಣಕವಾಗುತ್ತದೆ. ನಿಷ್ಠುರ ಬೇಕಾದರೆ ಇರಲಿ, ಹಾಳೆಯ ಮೇಲಿರಲಿ.

ಕುಂದಾಪುರವಂತೂ ವ್ಯಂಗ್ಯಚಿತ್ರದವರ ಊರು. ಸತೀಶ್ ಆಚಾರ್ಯರು ಮುಂದೆ ನಿಂತು ನಡೆಸುವ ಕಾರ್ಟೂನು ಹಬ್ಬಕ್ಕೆ ನೀವೂ ಹೋಗಿಬಂದವರು. ಗಂಗೊಳ್ಳಿಯಿಂದ ಮುಂಬಯಿಗೆ ಹೋಗಿ ವ್ಯಂಗ್ಯಚಿತ್ರಕಾರರಾದ ಪಂಜು ಗಂಗೊಳ್ಳಿಯವರ ಗೆರೆಯನ್ನೂ ನೋಡಿದ್ದೀರಿ. ಕಾರ್ಟೂನಿನ ಮೇಲೆ ಮಾತಾಡುವಾಗ ಒಂದು ಎಚ್ಚರ ಹೆಚ್ಚು ಬೇಕು. ಅದರ ಅಭಿಪ್ರಾಯ ಹಿಡಿಸದವರು ಗೆರೆ ಸರಿಯಿಲ್ಲ ಎನ್ನುತ್ತಾರೆ; ತಮ್ಮ ಪಕ್ಷದ ಮಾತಾಗಿದ್ದರೆ ಕೆಟ್ಟ ಗೆರೆಯೂ ಸೊಗಸು. ಅಭಿಪ್ರಾಯದ ಮೇಲೆ ಜಗಳ ಮಾಡುವುದಿದ್ದರೆ ಹಾಗೆಂದು ಹೇಳಿಯೇ ಮಾಡಿ. ಗೆರೆಯನ್ನು ಪರೀಕ್ಷಿಸುವುದಿದ್ದರೆ ಕೆಳಗಿನ ಬರಹಕ್ಕೆ ಕೈ ಅಡ್ಡ ಇಟ್ಟು ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬರಿಗೆ ತೋರಿಸಿ, ಇದು ಯಾರು ಎಂದು ಕೇಳಿ. ಹೆಸರು ಬಾಯಿಗೆ ಬಂದರೆ ಗೆರೆ ಗೆದ್ದಿತು.

ಇನ್ನು ಕೇಳಿಸಿಕೊಳ್ಳುವ ಕಷ್ಟ. ‘ಹ್ಯಾಂಗಿತ್ತ್ ಸರ್?’ ಎಂದು ಕೇಳಿದರೆ ‘ಲಾಯ್ಕಿತ್ತ್’ ಎಂದೇ ಉತ್ತರ ಬರುವುದು. ನಿಮ್ಮ ಪ್ರಶ್ನೆಗೂ ಒಂದು ಜಾಗ ಇರಲಿ. ‘ಮೊದಲು ಕಣ್ಣು ಎಲ್ಲಿಗೆ ಹೋಯ್ತು?’, ‘ಈ ಅಜ್ಜಿ ಕೂತ ಹಾಗೆ ಕಾಣುತ್ತದೋ, ಬೀಳುವ ಹಾಗೆ ಕಾಣುತ್ತದೋ?’ ಎಂದು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಎದುರಿನವರು ಅರ್ಧ ಮಾತಾಡುವುದರೊಳಗೆ ‘ಅಲ್ಲ ಸರ್, ಕಾಗದ ಒದ್ದೆಯಾಗಿತ್ತು, ಕರೆಂಟು ಹೋಗಿತ್ತು, ನನ್ನ ಉದ್ದೇಶ ಬೇರೆ ಇತ್ತು’ ಎಂದು ಶುರು. ನಾಳೆ ಚಿತ್ರ ಗೋಡೆಯ ಮೇಲಿರುವಾಗ ನೀವು ಪಕ್ಕದಲ್ಲಿ ನಿಂತು ಕರೆಂಟಿನ ಕತೆ ಹೇಳಲಿಕ್ಕಿಲ್ಲ. ಹಾಳೆಯಲ್ಲಿ ಬಾರದ ಉದ್ದೇಶ ನಿಮ್ಮ ಹೊಟ್ಟೆಯಲ್ಲೇ ಉಳಿಯಿತು ಅಷ್ಟೇ.

ಬಂದ ಮಾತನ್ನೆಲ್ಲ ಪಾಲಿಸಬೇಕೆಂದಲ್ಲ. ಬಸ್ರೂರಿನ ಹಳೆಯ ಬೀದಿಯೊಂದನ್ನು ಬರೆದ ಹುಡುಗಿಗೆ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವರು ಹೇಳಿದ್ದು ಒಂದೇ: ಹಂಚಿನ ಮಾಡು ತೀರಾ ಕೆಂಪಾಯಿತು, ಕಣ್ಣಿಗೆ ಹೊಡೆಯುತ್ತದೆ. ಮೂವರು ಒಂದೇ ಕಡೆ ಎಡವಿದರೆ ಅಲ್ಲಿ ಏನೋ ಇದೆ ಎಂದು ನಂಬಲೇಬೇಕು. ಕೆಂಪನ್ನು ತಗ್ಗಿಸು ಎಂದು ಅವರು ಕೊಟ್ಟ ಮದ್ದನ್ನು ಮಾತ್ರ ಅವಳು ನಂಬಲಿಲ್ಲ. ಮಾಡಿನ ಕೆಳಗಿನ ನೆರಳನ್ನು ಗಾಢ ಮಾಡಿದಳು, ಪಕ್ಕದ ಹಲಸಿನ ಮರದ ಹಸಿರನ್ನು ಏರಿಸಿದಳು. ಕೆಂಪು ಇದ್ದಲ್ಲೇ ಇತ್ತು, ಹೊಡೆಯುವುದು ನಿಂತಿತು. ತಪ್ಪು ಎಲ್ಲಿದೆ ಎಂದು ನೋಡುವವರು ಹೇಳಬಹುದು. ತಿದ್ದುವ ದಾರಿ ಬರೆದವರದೇ.

ಅದಕ್ಕಾಗಿಯೇ ಇನ್ನೊಬ್ಬರ ಹಾಳೆಯ ಮೇಲೆ ನಿಮ್ಮ ಪೆನ್ಸಿಲು ಓಡಬಾರದು. ಮಾಷ್ಟ್ರುಗಳೂ ಈ ಕೆಲಸ ಮಾಡುತ್ತಾರೆ, ನನ್ನ ವೃತ್ತಿಯವರೆಂದು ನಾನು ಅವರ ಪರ ವಾದಿಸುವುದಿಲ್ಲ. ತೋರಿಸಲೇಬೇಕಾದರೆ ಪಕ್ಕದಲ್ಲಿ ಬೇರೆ ಹಾಳೆ ಇಟ್ಟು ತೋರಿಸಿ, ಇಲ್ಲದಿದ್ದರೆ ಮೇಲೊಂದು ಟ್ರೇಸಿಂಗ್ ಪೇಪರ್ ಹಾಕಿ. ಮನೆಯವರು ತಿದ್ದಿ ಕಳುಹಿಸಿದ ಚಿತ್ರ ಸ್ಪರ್ಧೆಯ ಮೇಜಿನ ಮೇಲೆ ದೂರದಿಂದಲೇ ಗುರುತು ಸಿಗುತ್ತದೆ: ಮರ ಮಗುವಿನದು, ಎಲೆ ಅಪ್ಪನದು.

ಯಾರೂ ಸಿಗದ ದಿನ ಕನ್ನಡಿ ಇದೆ. ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಎಡ ಬಲವಾಗಿ ಅದು ಬೇರೆಯವರ ಚಿತ್ರದ ಹಾಗೆ ಕಾಣುತ್ತದೆ, ಓರೆಯಾದ ಮುಖ ಥಟ್ಟನೆ ಸಿಕ್ಕಿಬೀಳುತ್ತದೆ. ಲಿಯೊನಾರ್ಡೊ ಡ ವಿಂಚಿ ಚಿತ್ರಕಾರರಿಗೆ ಹೇಳಿದ ಉಪಾಯ ಇದು. ಬೇರೆಯವರ ಚಿತ್ರದ ಮೇಲೆ ಮಾತಾಡಲು ಹೆದರುವವರು ದೊಡ್ಡವರ ಚಿತ್ರದ ಮುಂದೆ ಅಭ್ಯಾಸ ಮಾಡಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿವೆ. ಅವರ ರೇಖಾಚಿತ್ರವೊಂದರ ಮುಂದೆ ನಿಂತು, ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ದಪ್ಪವಾಯಿತು, ಎಲ್ಲಿ ಕೈ ಎತ್ತದೆ ತಿರುಗಿತು ಎಂದು ಗೆಳೆಯನಿಗೆ ಬಾಯಿಬಿಟ್ಟು ಹೇಳಿ. ಹಿಡಿಸದ ಗೆರೆ ಇದ್ದರೆ ಅದನ್ನೂ ಹೇಳಿ, ಹೆಬ್ಬಾರರಿಗೇನೂ ಬೇಸರವಾಗದು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಹೆಸರಾದ ಮೇಲೂ 1949ರಲ್ಲಿ, 38ರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್ನಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತವರು ಅವರು. ಗೆರೆಗೆ ಲಯ ಸಿಗಲೆಂದು ಕಥಕ್ ಕಲಿತವರು. ಒಂದು ಬಹುಮಾನ ಬಂದ ಕೂಡಲೇ ಮಾಷ್ಟ್ರಿಗೆ ಚಿತ್ರ ತೋರಿಸುವುದನ್ನು ನಿಲ್ಲಿಸುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಕಡೆಗೆ ಒಂದು ಕೆಲಸ ಹೇಳುತ್ತೇನೆ, ಮುಂದಿನ ಭಾನುವಾರದಿಂದಲೇ ಆಗಬೇಕು. ಯಾರಾದರೂ ಜಾಗ ತೋರಿಸಿ ಹೇಳಿದ ಮಾತನ್ನು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ, ಹೇಳಿದವರ ಹೆಸರು ತಾರೀಕು ಸಮೇತ ಬರೆದಿಡಿ. ಒಪ್ಪಿದಿರೋ ಇಲ್ಲವೋ ಎಂದು ಅದೇ ದಿನ ತೀರ್ಮಾನಿಸಬೇಡಿ. ಬಿಸಿಯಲ್ಲಿ ಯಾರ ಮಾತೂ ಸರಿ ಕಾಣುವುದಿಲ್ಲ. ಆರು ತಿಂಗಳು ಬಿಟ್ಟು ಹಾಳೆ ತೆಗೆದು ನೋಡಿ, ಒಪ್ಪಿದ ಮಾತಿನ ಮುಂದೆ ಒಂದು ಗುರುತು ಹಾಕಿ. ಯಾರ ಹೆಸರಿನ ಮುಂದೆ ಗುರುತು ಹೆಚ್ಚಿದೆಯೋ ಅವರಿಗೆ ಇನ್ನಷ್ಟು ಚಿತ್ರ ತೋರಿಸಿ, ಅವರು ನನಗಿಂತ ಚಿಕ್ಕವರಾದರೂ ಅಡ್ಡಿಯಿಲ್ಲ. ಒಟ್ಟು ಕಟ್ಟಿಡುವಾಗ ಪ್ಲಾಸ್ಟಿಕ್ ಕವರು, ಎರಡು ಕರ್ಪೂರದ ಗುಳಿಗೆ ಮರೆಯಬೇಡಿ. ಆಸಾಡಿಯ ಮಳೆ ಹಿಡಿದರೆ ನಮ್ಮ ಕಡೆ ಯಾವ ಕಾಗದವೂ ಬೂಷ್ಟು ಹಿಡಿಯದೆ ಉಳಿಯುವುದಿಲ್ಲ.